ಹುಲ್ಲಿನ ಮದ್ದು ಲಿವರ್‌ಗೆ ಹೇಗೆ ತಾಗುತ್ತದೆ? ಗೊತ್ತಿದ್ದವರು ಹೇಳಿ

ಪೆರ್ಲದ ತೋಟದವ
ನಮ್ಮಲ್ಲಿಗೆ ಕೆಲಸಕ್ಕೆ ಬರುವ ಅಣ್ಣ ಒಬ್ಬರಿದ್ದಾರೆ. ಮಳೆ ಬಿಟ್ಟ ಮೇಲೆ ಆಸುಪಾಸಿನ ಅಡಿಕೆ ತೋಟಗಳಿಗೆಲ್ಲ ಹುಲ್ಲಿನ ಮದ್ದು ಹೊಡೆಯುವುದು ಅವರೇ. ಈಚೆಗೆ ಸುಸ್ತು, ಊಟ ಸೇರುವುದಿಲ್ಲ ಎಂದು ರಕ್ತ ಪರೀಕ್ಷೆ ಮಾಡಿಸಿದರು. ಲಿವರ್ ಪರೀಕ್ಷೆಯ ಎಸ್‌ಜಿಪಿಟಿ ಜಾಸ್ತಿ ಬಂದಿದೆ. ಡಾಕ್ಟರು ಮೊದಲು ಕೇಳಿದ್ದು ಕುಡಿಯುವ ಅಭ್ಯಾಸ ಇದೆಯಾ ಅಂತ. ಆಮೇಲೆ ಕೇಳಿದ್ದು ತೋಟಕ್ಕೆ ಏನಾದರೂ ಹೊಡೆಯುತ್ತೀರಾ ಅಂತ.

ನಾನು ಕ್ಯಾನ್ ನೋಡಿದೆ. ಪ್ಯಾರಾಕ್ವಾಟ್ ಡೈಕ್ಲೋರೈಡ್ 24% ಎಸ್‌ಎಲ್. ಲೇಬಲ್ಲಿನಲ್ಲಿ ಹಳದಿ ತ್ರಿಕೋನ. ಗಡಿಯ ಆಚೆ ಕರ್ನಾಟಕದಿಂದ ಯಾರೋ ತಂದುಕೊಟ್ಟದ್ದು.

ಪ್ರಶ್ನೆ ಇಷ್ಟೇ. ಹುಲ್ಲು ಕರಟಿಸುವ ಮದ್ದು ಮನುಷ್ಯನ ಲಿವರ್‌ಗೆ ಹೇಗೆ ತಾಗುತ್ತದೆ? ಹುಡುಕಿದರೆ ಎಲ್ಲ ಕಡೆ "ಆಕ್ಸಿಡೇಟಿವ್ ಸ್ಟ್ರೆಸ್" ಅಂತ ಬರೆದು ಮುಂದೆ ಹೋಗುತ್ತಾರೆ. ಅದು ಒಳಗೆ ಏನು ಮಾಡುತ್ತದೆ? ಸುಮ್ನೆ ಹೆದರಿಸಬೇಡಿ. ಏನೂ ಆಗುವುದಿಲ್ಲ ಅಂತಲೂ ಬೇಡ.

ಕುಂಬಳೆ ಕಡಲು
ಕೇರಳದಲ್ಲಿ ಪ್ಯಾರಾಕ್ವಾಟ್‌ಗೆ 2011ರಿಂದಲೇ ನಿಷೇಧ. ಅದು ಪೆರ್ಲಕ್ಕೆ ಹೇಗೆ ಬಂತು? ಮೊದಲು ಅದನ್ನು ಹೇಳಿ ಮಾರಾಯ್ರೇ.

ಗಡಿನಾಡು ಹುಡುಗ
ನಿಷೇಧ ಆದದ್ದು ಗ್ಲೈಫೋಸೇಟ್ ಎಂಬ ಇನ್ನೊಂದು ಹುಲ್ಲಿನ ಮದ್ದು ಅಲ್ವಾ? 2019ರಲ್ಲಿ?

ಕುಂಬಳೆ ಕಡಲು
ಎರಡೂ. 2011ರಲ್ಲಿ ಒಂದಷ್ಟು ವಿಷಗಳನ್ನು ಒಟ್ಟಿಗೆ ನಿಲ್ಲಿಸಿದರು. ಫ್ಯೂರಡಾನ್, ಫೋರೇಟ್, ಮೊನೊಕ್ರೊಟೊಫಾಸ್, ಅಟ್ರಾಝಿನ್, ಅದರ ಜೊತೆಗೆ ಪ್ಯಾರಾಕ್ವಾಟ್. ಗ್ಲೈಫೋಸೇಟ್ ನಿಲ್ಲಿಸಿದ್ದು 2019ರ ಫೆಬ್ರವರಿಯಲ್ಲಿ. ಅದಕ್ಕೆ ಮೊದಲಿನ ತಿಂಗಳು ತಿರುವಲ್ಲಾ ಹತ್ತಿರ ಗದ್ದೆಗೆ ಮದ್ದು ಹೊಡೆದ ಇಬ್ಬರು ಕಾರ್ಮಿಕರು ತೀರಿಕೊಂಡಿದ್ದರು. ಆ ಗಲಾಟೆಯಲ್ಲಿ ಆದ ಆದೇಶ.

ಮುಳ್ಳೇರಿಯ ಅಡಿಕೆ
ನಿಷೇಧ ಕಾಗದದ ಮೇಲೆ. ಬೈಕ್ ತೆಗೆದುಕೊಂಡು ಗಡಿ ದಾಟಿದರೆ ಅಂಗಡಿಯಲ್ಲಿ ಸಿಗುತ್ತದೆ. ಚೆಕ್‌ಪೋಸ್ಟಿನಲ್ಲಿ ಯಾರು ಚೀಲ ಬಿಚ್ಚಿ ನೋಡುತ್ತಾರೆ? ನಾನೂ ವರ್ಷಗಟ್ಟಲೆ ಹೊಡೆದಿದ್ದೇನೆ. ಲಿವರ್ ಗಟ್ಟಿ ಇದೆ. ಆ ಅಣ್ಣನಿಗೆ ಸಂಜೆಯ ಅಭ್ಯಾಸ ಇದೆಯಾ ಅಂತ ಮೊದಲು ಕೇಳಿ.

ಪೆರ್ಲದ ತೋಟದವ
ಇಲ್ಲ. ಅವರು ಚಹಾ ಬಿಟ್ಟರೆ ಬೇರೆ ಮುಟ್ಟುವವರಲ್ಲ. ಅದಕ್ಕೇ ಕೇಳಿದ್ದು.

ನೀರ್ಚಾಲು ಲ್ಯಾಬ್ ಅಕ್ಕ
ಪೆರ್ಲದ ಅಣ್ಣ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನು ಮಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಇರುವವಳು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಹುಲ್ಲಿನ ಕಥೆ. ಹಸಿರು ಎಲೆ ಬಿಸಿಲಿನ ಬಲದಿಂದ ಎಲೆಕ್ಟ್ರಾನ್‌ಗಳನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಆಹಾರ ತಯಾರಿಸುತ್ತದೆ. ಪ್ಯಾರಾಕ್ವಾಟ್ ಆ ದಾರಿಯಲ್ಲಿ ನಿಂತು ಎಲೆಕ್ಟ್ರಾನ್ ಕಸಿಯುತ್ತದೆ. ಕಸಿದದ್ದನ್ನು ಇಟ್ಟುಕೊಳ್ಳುವುದಿಲ್ಲ. ಕೂಡಲೇ ಆಮ್ಲಜನಕಕ್ಕೆ ಕೊಟ್ಟುಬಿಡುತ್ತದೆ. ಹಾಗೆ ಒಂದು ಎಲೆಕ್ಟ್ರಾನ್ ಹೆಚ್ಚು ಸಿಕ್ಕಿದ ಆಮ್ಲಜನಕವೇ ಸೂಪರ್‌ಆಕ್ಸೈಡ್. ಅದರಿಂದ ಮುಂದೆ ಇನ್ನೂ ಕೆಟ್ಟ ವಸ್ತುಗಳು ಹುಟ್ಟಿ ಎಲೆಯ ಜೀವಕೋಶಗಳ ಪೊರೆ ಹರಿದುಹಾಕುತ್ತವೆ. ಬೆಳಗ್ಗೆ ಹೊಡೆದ ಹುಲ್ಲು ಬಿಸಿಲು ಏರಿದ ಹಾಗೆ ಬಾಡುವುದು ಅದಕ್ಕೇ.

ಲಿವರ್‌ನಲ್ಲಿ ಬಿಸಿಲಿಲ್ಲ. ಆದರೆ ಎಲೆಕ್ಟ್ರಾನ್ ಕೊಡುವವರು ಬೇಕಾದಷ್ಟು ಇದ್ದಾರೆ. ನಾವು ತಿಂದ ಮಾತ್ರೆ, ಮದ್ದು, ವಿಷ ಎಲ್ಲ ಕರಗಿಸುವ ಕೆಲಸ ಲಿವರಿನದ್ದು. ಅದಕ್ಕಾಗಿ ಅಲ್ಲಿ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ದೊಡ್ಡ ದಂಡು ಇದೆ. ಆ ದಂಡಿಗೆ ಎಲೆಕ್ಟ್ರಾನ್ ಒದಗಿಸುವುದು ಪಿ450 ರಿಡಕ್ಟೇಸ್ ಎನ್ನುವ ಇನ್ನೊಂದು ಕಿಣ್ವ. ಅದು ಎಲೆಕ್ಟ್ರಾನ್ ತರುವುದು ಎನ್‌ಎಡಿಪಿಎಚ್ ಎಂಬ ಅಣುವಿನಿಂದ. ಪ್ಯಾರಾಕ್ವಾಟ್ ಬಂದರೆ ಈ ರಿಡಕ್ಟೇಸ್ ಅದಕ್ಕೂ ಎಲೆಕ್ಟ್ರಾನ್ ಕೊಡುತ್ತದೆ. ಪ್ಯಾರಾಕ್ವಾಟ್ ಅದನ್ನು ಆಮ್ಲಜನಕಕ್ಕೆ ದಾಟಿಸುತ್ತದೆ. ಮತ್ತೆ ಬರಿಗೈಯಲ್ಲಿ ಬಂದು ನಿಲ್ಲುತ್ತದೆ. ಮತ್ತೆ ತೆಗೆದುಕೊಳ್ಳುತ್ತದೆ.

ಮುಖ್ಯ ವಿಷಯ ಇಲ್ಲಿದೆ. ಈ ಕೆಲಸದಲ್ಲಿ ಪ್ಯಾರಾಕ್ವಾಟ್ ಖರ್ಚಾಗುವುದೇ ಇಲ್ಲ. ಒಂದೇ ಅಣು ಸಾವಿರಾರು ಸಲ ಸುತ್ತು ಹೊಡೆಯಬಹುದು. ಖರ್ಚಾಗುವುದು ನಮ್ಮ ಎನ್‌ಎಡಿಪಿಎಚ್.

ಸುಮ್ನೆ ಓದುವವ
ಅಂದರೆ ಅಡಿಕೆ ದಲ್ಲಾಳಿ ಹಾಗೆ. ಈ ಕೈಯಲ್ಲಿ ತೆಗೆದು ಆ ಕೈಯಲ್ಲಿ ಕೊಡುವುದು. ತನ್ನದು ಒಂದು ಪೈಸೆ ಹೋಗುವುದಿಲ್ಲ.

ಮುಳ್ಳೇರಿಯ ಅಡಿಕೆ
ದಲ್ಲಾಳಿಗೆ ಕಮಿಷನ್ ಸಿಗುತ್ತದೆ. ಇದಕ್ಕೆ ಅದೂ ಇಲ್ಲ 😄

ನಿವೃತ್ತ ಮಾಷ್
ಅಕ್ಕಾ, ನಮ್ಮ ಶರೀರದಲ್ಲಿ ಇಂಥದ್ದನ್ನು ತಡೆಯುವ ವ್ಯವಸ್ಥೆ ಇರಲೇಬೇಕಲ್ಲ? ಉಸಿರಾಡುವಾಗಲೇ ಸ್ವಲ್ಪ ಸೂಪರ್‌ಆಕ್ಸೈಡ್ ಹುಟ್ಟುತ್ತದೆ ಎಂದು ಓದಿದ್ದೇನೆ.

ನೀರ್ಚಾಲು ಲ್ಯಾಬ್ ಅಕ್ಕ
ಇದೆ ಮಾಷ್. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಕೆಲಸ ಮಾಡುವಾಗ ಸ್ವಲ್ಪ ಸೂಪರ್‌ಆಕ್ಸೈಡ್ ಯಾವಾಗಲೂ ಹುಟ್ಟುತ್ತಿರುತ್ತದೆ. ಎಸ್‌ಒಡಿ ಎಂಬ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಅದನ್ನು ಕ್ಯಾಟಲೇಸ್ ನೀರು ಮಾಡಿ ಬಿಡುತ್ತದೆ. ಇನ್ನೊಂದು ದಾರಿ ಗ್ಲುಟಾಥಯೋನ್. ಲಿವರ್‌ನಲ್ಲಿ ಇದು ಧಾರಾಳ. ಪೆರಾಕ್ಸೈಡನ್ನು ತಣ್ಣಗೆ ಮಾಡುವಾಗ ಗ್ಲುಟಾಥಯೋನ್ ತಾನು ಸವೆಯುತ್ತದೆ. ಸವೆದದ್ದನ್ನು ಮತ್ತೆ ಸರಿಮಾಡಲು ಎನ್‌ಎಡಿಪಿಎಚ್ ಬೇಕು.

ಈಗ ನೋಡಿ. ಆ ಎನ್‌ಎಡಿಪಿಎಚ್ ಅನ್ನು ಪ್ಯಾರಾಕ್ವಾಟ್ ಆಗಲೇ ಖಾಲಿ ಮಾಡುತ್ತಾ ಇದೆ. ಒಂದು ಕಡೆ ವಿಷ ಹುಟ್ಟಿಸುವ ವೇಗ ಜಾಸ್ತಿ. ಇನ್ನೊಂದು ಕಡೆ ವಿಷ ತಡೆಯುವ ಸಾಮಾನು ಕಡಿಮೆ. ಎರಡೂ ಒಂದೇ ಕಾರಣಕ್ಕೆ.

ಉಳಿದ ಪೆರಾಕ್ಸೈಡ್ ಕಬ್ಬಿಣದ ಹತ್ತಿರ ಬಂದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಲಿವರ್ ಕಬ್ಬಿಣ ಕೂಡಿಡುವ ಜಾಗ ಬೇರೆ. ಅಷ್ಟು ಸಾಲದು ಅಂತ ಸೂಪರ್‌ಆಕ್ಸೈಡ್ ಕಬ್ಬಿಣ ಹಿಡಿದಿಡುವ ಫೆರಿಟಿನ್‌ನಿಂದ ಕಬ್ಬಿಣ ಬಿಡಿಸಿಯೂ ಕೊಡುತ್ತದೆ. ಹೈಡ್ರಾಕ್ಸಿಲ್ ತಡೆಯುವ ಕಿಣ್ವ ನಮ್ಮಲ್ಲಿ ಯಾವುದೂ ಇಲ್ಲ. ಹುಟ್ಟಿದ ಜಾಗದಲ್ಲೇ ಪಕ್ಕದ್ದನ್ನು ಕಚ್ಚುತ್ತದೆ. ಪಕ್ಕದಲ್ಲಿ ಇರುವುದು ಹೆಚ್ಚಾಗಿ ಪೊರೆಯ ಕೊಬ್ಬು. ಒಂದು ಕೊಬ್ಬಿನ ಅಣು ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸುತ್ತದೆ. ಅದು ಮತ್ತೊಂದನ್ನು. ಇದಕ್ಕೆ ಲಿಪಿಡ್ ಪೆರಾಕ್ಸಿಡೇಶನ್ ಅನ್ನುತ್ತಾರೆ.

ಇದನ್ನು ನಾವು ಕಣ್ಣಿಂದಲೇ ನೋಡುತ್ತೇವೆ. ಕೆಟ್ಟ ಕೊಬ್ಬಿನಿಂದ ಎಂಡಿಎ ಎಂಬ ತುಂಡು ಬೀಳುತ್ತದೆ. ಲಿವರ್ ಅರೆದ ದ್ರಾವಣಕ್ಕೆ ಟಿಬಿಎ ಎಂಬ ರಾಸಾಯನಿಕ ಹಾಕಿ ಕುದಿಯುವ ನೀರಿನಲ್ಲಿ ಇಟ್ಟರೆ ನಸುಗೆಂಪು ಬಣ್ಣ ಏರುತ್ತದೆ. 532 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ವಿಷ ಕೊಟ್ಟ ಇಲಿಯ ಟ್ಯೂಬ್ ಯಾವುದು, ಕೊಡದ್ದು ಯಾವುದು ಅಂತ ಮೆಷಿನ್‌ಗೆ ಇಡುವ ಮೊದಲೇ ಗೊತ್ತಾಗುವುದುಂಟು.

ಪೆರ್ಲದ ತೋಟದವ
ಈಗ ಸ್ವಲ್ಪ ಹೊಳೆಯಿತು. ಹಾಗಾದರೆ ಎಸ್‌ಜಿಪಿಟಿ ಅನ್ನುವುದು ಇದರಲ್ಲಿ ಎಲ್ಲಿ ಬರುತ್ತದೆ?

ನೀರ್ಚಾಲು ಲ್ಯಾಬ್ ಅಕ್ಕ
ಅದು ಲಿವರ್ ಕೋಶದ ಒಳಗೆ ಇರಬೇಕಾದ ಕಿಣ್ವ. ಪೊರೆ ಹರಿದರೆ ರಕ್ತಕ್ಕೆ ಸೋರುತ್ತದೆ. ಯಾರು ಹರಿದದ್ದು ಅಂತ ಅದು ಹೇಳುವುದಿಲ್ಲ.

ಡ್ಯೂಟಿ ಡಾಕ್ಟರ್
ಅಕ್ಕನ ಕೊನೆಯ ವಾಕ್ಯ ಎಲ್ಲರೂ ಎರಡು ಸಲ ಓದಿ.

ನಾನು ಕಾಸರಗೋಡಿನಲ್ಲಿ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಿದವ. ನಮ್ಮ ಜಿಲ್ಲೆಯಲ್ಲಿ ತೋಟದ ಕೆಲಸದವರಿಗೆ ಎಸ್‌ಜಿಪಿಟಿ ಏರಿದರೆ ಮೊದಲು ನೋಡಬೇಕಾದ್ದು ಬೇರೆ ಇದೆ. ಹೆಪಟೈಟಿಸ್ ಎ ಇದೆಯಾ, ಬಿ ಇದೆಯಾ. ಮಳೆಗಾಲದಲ್ಲಿ, ಮಳೆ ಬಿಟ್ಟ ಹೊತ್ತಿನಲ್ಲಿ ಇಲಿಜ್ವರ. ತೋಡಿನ ನೀರಿಗೆ, ಕೆಸರಿಗೆ ಇಳಿಯುವವರಿಗೆ ಅದು ಬೇಗ ತಗಲುತ್ತದೆ. ಫ್ಯಾಟಿ ಲಿವರ್. ನೋವಿಗೆ ಅಂತ ದಿನಾ ನುಂಗುವ ಪ್ಯಾರಾಸಿಟಮಾಲ್. ಇವೆಲ್ಲ ಬಿಟ್ಟು ಸೀದಾ ಕಳೆನಾಶಕಕ್ಕೆ ಹಾರಿದರೆ ನಿಜವಾದ ಕಾಯಿಲೆ ತಪ್ಪಿಹೋಗುತ್ತದೆ.

ಅಕ್ಕ ಹೇಳಿದ ಲಿವರ್ ಕಥೆ ಸರಿ. ಆದರೆ ಅಷ್ಟು ಹಾನಿ ಕಾಣುವುದು ಹೆಚ್ಚಾಗಿ ವಿಷ ಹೊಟ್ಟೆಗೆ ಹೋದಾಗ. ಆಗಲೂ ಜನ ಸಾಯುವುದು ಬರೀ ಲಿವರ್‌ನಿಂದಲ್ಲ, ಶ್ವಾಸಕೋಶದಿಂದ. ಶ್ವಾಸಕೋಶದ ಕೋಶಗಳಲ್ಲಿ ಪಾಲಿಅಮೈನ್ ಎಂಬ ನಮ್ಮದೇ ವಸ್ತುವನ್ನು ಒಳಗೆ ಎಳೆದುಕೊಳ್ಳುವ ಬಾಗಿಲು ಇದೆ. ಪ್ಯಾರಾಕ್ವಾಟ್‌ನ ಆಕಾರ ಅದನ್ನು ಹೋಲುತ್ತದೆ, ಅದೇ ಬಾಗಿಲಿನಿಂದ ಒಳಗೆ ಹೋಗುತ್ತದೆ. ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ ಅಲ್ಲಿ ಸೇರುತ್ತದೆ. ಅಲ್ಲಿ ಆಮ್ಲಜನಕಕ್ಕೂ ಬರಗಾಲ ಇಲ್ಲ. ಮೊದಲು ಬಾಯಿ, ಗಂಟಲು ಹುಣ್ಣು. ಆಮೇಲೆ ಕಿಡ್ನಿ, ಕಾಮಾಲೆ. ಆಮೇಲೆ ಉಸಿರು. ಕೊನೆಯ ತನಕ ಪ್ರಜ್ಞೆ ಇರುತ್ತದೆ. ಅದು ನೋಡಲಿಕ್ಕೆ ಕಷ್ಟ.

ಗಡಿನಾಡು ಹುಡುಗ
ಉಸಿರಿಗೆ ಕಷ್ಟ ಅಂದರೆ ಆಕ್ಸಿಜನ್ ಕೊಡಬಹುದಲ್ಲ ಡಾಕ್ಟ್ರೇ?

ಡ್ಯೂಟಿ ಡಾಕ್ಟರ್
ಅದೇ ಇದರ ಕ್ರೂರ. ಮೇಲಿನ ಸುತ್ತು ಓದಿ. ಆಮ್ಲಜನಕ ಜಾಸ್ತಿ ಕೊಟ್ಟರೆ ಸೂಪರ್‌ಆಕ್ಸೈಡ್ ಜಾಸ್ತಿ. ಹಾಗಾಗಿ ತೀರಾ ಅಗತ್ಯ ಬೀಳುವವರೆಗೆ ಕೊಡುವುದಿಲ್ಲ. ಮನೆಯವರು ಹೊರಗೆ ನಿಂತು "ಆಕ್ಸಿಜನ್ ಹಾಕಲಿಲ್ಲ" ಅಂತ ಜಗಳ ಮಾಡುತ್ತಾರೆ. ಅವರ ಕಷ್ಟವೂ ಅರ್ಥ ಆಗುತ್ತದೆ.

ಇದಕ್ಕೆ ಪ್ರತಿವಿಷ ಇಲ್ಲ. ಬೇಗ ಬಂದರೆ ಇದ್ದಿಲು ಪುಡಿ ಅಥವಾ ಫುಲ್ಲರ್ಸ್ ಅರ್ತ್ ಎಂಬ ಜೇಡಿಮಣ್ಣು ಕುಡಿಸಿ ಹೊಟ್ಟೆಯಲ್ಲೇ ಹಿಡಿದಿಡಲು ನೋಡುತ್ತೇವೆ. ಹೊತ್ತು ಹೋದ ಹಾಗೆ ಕೈ ಕಟ್ಟುತ್ತದೆ. ಯಾರಿಗಾದರೂ ಬಾಯಿಗೆ ಹೋದರೆ, ಚೆನ್ನಾಗಿಯೇ ಇದ್ದಾರೆ ಅಂತ ಮನೆಯಲ್ಲಿ ಕಾಯಬೇಡಿ. ವಾಂತಿ ಮಾಡಿಸಲು ಹೋಗಬೇಡಿ. ಕ್ಯಾನ್ ಜೊತೆಗೆ ತೆಗೆದುಕೊಂಡು ಸೀದಾ ದೊಡ್ಡ ಆಸ್ಪತ್ರೆಗೆ ಬನ್ನಿ.

ಬದಿಯಡ್ಕ ಅತ್ತೆ
ಕಾಮಾಲೆಗೆ ಕಿರುನೆಲ್ಲಿ ಅರೆದು ಹಾಲಿನಲ್ಲಿ ಕೊಟ್ಟರೆ ಇಳಿಯುತ್ತದೆ. ನಮ್ಮಲ್ಲಿ ಹಿಂದಿನಿಂದ ಮಾಡುವ ಕ್ರಮ. ಲಿವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಡ್ಯೂಟಿ ಡಾಕ್ಟರ್
ಅತ್ತೆ, ಹೆಪಟೈಟಿಸ್ ಎ ಬಹುತೇಕ ಜನರಿಗೆ ಏನೂ ಕೊಡದಿದ್ದರೂ ತಾನಾಗಿ ಇಳಿಯುತ್ತದೆ. ಹೆಸರು ಕಿರುನೆಲ್ಲಿಗೆ ಹೋಗುತ್ತದೆ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದವರಿಗೆ ಮನೆಯಲ್ಲಿ ಕಿರುನೆಲ್ಲಿ ಅರೆಯುತ್ತಾ ಕೂತರೆ ಇರುವ ಸ್ವಲ್ಪ ಹೊತ್ತೂ ಹೋಗುತ್ತದೆ. ಇದಕ್ಕೂ ಅದಕ್ಕೂ ಜೋಡಿಸಬೇಡಿ ದಯವಿಟ್ಟು.

ಬದಿಯಡ್ಕ ಅತ್ತೆ
ನಾನು ವಿಷ ಕುಡಿದವರಿಗೆ ಹೇಳಿದ್ದಲ್ಲ ಮಗಾ. ಆ ಎಸ್‌ಜಿಪಿಟಿ ಅಣ್ಣನಿಗೆ ಹೇಳಿದ್ದು.

ನೀರ್ಚಾಲು ಲ್ಯಾಬ್ ಅಕ್ಕ
ಅತ್ತೆ, ಕಿರುನೆಲ್ಲಿ ರಸ, ವಿಟಮಿನ್ ಇ, ಸಿಲಿಮರಿನ್, ಗ್ಲುಟಾಥಯೋನ್ ತುಂಬಿಸುವ ಮದ್ದಾದ ಎನ್‌ಎಸಿ ಇಂಥವನ್ನು ಇಲಿಗಳಿಗೆ ಕೊಟ್ಟು ನೋಡುವ ಪ್ರಯೋಗ ತುಂಬಾ ಇದೆ. ಬಟ್ಟಲಿನಲ್ಲಿ ಬೆಳೆಸಿದ ಕೋಶಗಳಲ್ಲೂ ಮಾಡುತ್ತಾರೆ. ಇಲಿಗೆ ವಿಷಕ್ಕಿಂತ ಮೊದಲೇ ಕೊಟ್ಟರೆ ಎಂಡಿಎ ಕಡಿಮೆ ಆಗುತ್ತದೆ, ಗ್ಲುಟಾಥಯೋನ್ ಉಳಿಯುತ್ತದೆ. ಆದರೆ ಮನುಷ್ಯ ಯಾರಾದರೂ ಮೊದಲೇ ಕಷಾಯ ಕುಡಿದು ಆಮೇಲೆ ವಿಷಕ್ಕೆ ಬಾಯಿ ಕೊಡುತ್ತಾನಾ? ಆಸ್ಪತ್ರೆಯಲ್ಲಿ ಇವು ಯಾವುವೂ ಪ್ರತಿವಿಷ ಅಂತ ಗೆದ್ದಿಲ್ಲ. ವಿಟಮಿನ್ ಸಿ ಅಂತೂ ಬಿಡುಗಡೆಯಾದ ಕಬ್ಬಿಣ ಇರುವಲ್ಲಿ ಉಲ್ಟಾ ಹೊಡೆಯಲೂ ಬಹುದು.

ಪ್ಯಾರಾಸಿಟಮಾಲ್ ಜಾಸ್ತಿ ಆದಾಗ ಎನ್‌ಎಸಿ ನಿಜವಾಗಿ ಜೀವ ಉಳಿಸುತ್ತದೆ, ಯಾಕೆಂದರೆ ಅಲ್ಲಿ ಗ್ಲುಟಾಥಯೋನ್ ತುಂಬಿಸಿದರೆ ಕೆಲಸ ಮುಗಿಯಿತು. ಅಲ್ಲಿನ ವಿಷ ಗ್ಲುಟಾಥಯೋನ್‌ಗೆ ಅಂಟಿ ಹೊರಗೆ ಹೋಗುತ್ತದೆ. ಪ್ಯಾರಾಕ್ವಾಟ್ ಯಾರಿಗೂ ಅಂಟುವುದಿಲ್ಲ. ಸುತ್ತುತ್ತಲೇ ಇರುತ್ತದೆ. ಮೂತ್ರದಲ್ಲಿ ಹೆಚ್ಚಾಗಿ ಹಾಗೇ ಹೊರಗೆ ಬೀಳುವುದೊಂದೇ ದಾರಿ. ಆ ಕಿಡ್ನಿಯನ್ನೂ ಅದು ಕೆಡಿಸುತ್ತದೆ.

ಎಣ್ಮಕಜೆ ಮನೆಮಗಳು
ಇಷ್ಟೆಲ್ಲ ಓದುವಾಗ ನಮ್ಮೂರಿನವರಿಗೆ ಎಂಡೋಸಲ್ಫಾನ್ ನೆನಪಾಗದೆ ಇರುತ್ತದಾ? ಗೇರು ತೋಟದ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದರು. 2000ದವರೆಗೂ ಸುರಿದರು. ಆಗಲೂ "ಹೆದರಬೇಡಿ, ಏನೂ ಆಗುವುದಿಲ್ಲ" ಅಂದವರೇ ಜಾಸ್ತಿ. ಮೊದಲು ಪತ್ರ ಬರೆದು ಕೂಗಿದ್ದು ಇಲ್ಲಿನ ಜನ, ಇಲ್ಲಿನ ಒಬ್ಬ ಡಾಕ್ಟರು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಲ್ಲಿಸಿದ್ದು 2011ರ ಮೇ ತಿಂಗಳಿನಲ್ಲಿ. ಪರಿಹಾರ 5 ಲಕ್ಷ ಕೊಡಿ ಅಂದದ್ದು 2017ರಲ್ಲಿ. ಅದಕ್ಕೂ ಮತ್ತೆ ಅಲೆದಾಟ. ಇಷ್ಟು ಕಂಡ ಜಿಲ್ಲೆಯವರೇ ಗಡಿ ದಾಟಿ ಇನ್ನೊಂದು ವಿಷ ತರುತ್ತಾರೆ ಅಂದರೆ ಏನು ಹೇಳುವುದು?

ನಿವೃತ್ತ ಮಾಷ್
ತಂಗೀ, ನಿನ್ನ ಸಿಟ್ಟು ನ್ಯಾಯವೇ. ಆದರೆ ಎರಡನ್ನೂ ಒಂದೇ ಗಂಟು ಕಟ್ಟುವುದು ಬೇಡ. ಎಂಡೋಸಲ್ಫಾನ್ ಕೀಟಕ್ಕೆ ಹೊಡೆಯುವಂಥದ್ದು, ಚಹಾ ಸೊಳ್ಳೆಗೆ ಅಂತ ಗೇರಿಗೆ ಸುರಿದದ್ದು. ಮುಖ್ಯವಾಗಿ ನರಗಳ ಮೇಲೆ ಕೆಲಸ ಮಾಡುತ್ತದೆ, ಕೊಬ್ಬಿನಲ್ಲಿ ಸೇರುತ್ತದೆ. ಪ್ಯಾರಾಕ್ವಾಟ್ ನೀರಿನಲ್ಲಿ ಕರಗುವಂಥದ್ದು. ದಾರಿ ಬೇರೆ, ಹಾನಿ ಬೇರೆ.

ಎಣ್ಮಕಜೆ ಮನೆಮಗಳು
ರಸಾಯನಶಾಸ್ತ್ರ ಬೇರೆ ಇರಬಹುದು ಮಾಷ್. ಅದನ್ನು ಮಾರುವವರ ಮಾತು ಒಂದೇ.

ಕುಂಬಳೆ ಕಡಲು
👆 ಸರಿ ಹೇಳಿದಿರಿ. ಸ್ವಿಟ್ಜರ್ಲೆಂಡ್ ತನ್ನಲ್ಲಿ ಪ್ಯಾರಾಕ್ವಾಟ್ ನಿಲ್ಲಿಸಿದ್ದು 1989ರಲ್ಲಿ. ಯುರೋಪಿನಲ್ಲಿ ಸ್ವೀಡನ್ ಕೋರ್ಟಿಗೆ ಹೋಗಿ 2007ರಲ್ಲಿ ಅನುಮತಿ ರದ್ದು ಮಾಡಿಸಿತು. ಶ್ರೀಲಂಕಾ, ದಕ್ಷಿಣ ಕೊರಿಯಾ, ಥಾಯ್ಲೆಂಡ್, ಬ್ರೆಜಿಲ್ ಎಲ್ಲ ನಿಲ್ಲಿಸಿವೆ. ಕೊರಿಯಾದಲ್ಲಿ ನಿಲ್ಲಿಸಿದ ಮೇಲೆ ಕೀಟನಾಶಕ ಕುಡಿದು ಸಾಯುವವರ ಸಂಖ್ಯೆಯೇ ಇಳಿಯಿತು. ಬೆಳೆ ಏನೂ ಹಾಳಾಗಲಿಲ್ಲ.

ಮುಳ್ಳೇರಿಯ ಅಡಿಕೆ
ಕೊರಿಯಾದವರು ನನ್ನ ತೋಟದ ಹುಲ್ಲು ಹೆರೆಯಲು ಬರುತ್ತಾರಾ?

ಬೇಜಾರು ಮಾಡಬೇಡಿ, ಆದರೆ ಇಲ್ಲಿ ಮಾತಾಡುವ ಅರ್ಧ ಜನ ತೋಟಕ್ಕೆ ಇಳಿಯುವವರಲ್ಲ. ಮಳೆಗಾಲ ಮುಗಿದಾಗ ಮುಟ್ಟಿದರೆ ಮುನಿ, ಕಮ್ಯುನಿಸ್ಟ್ ಗಿಡ, ಬಳ್ಳಿ ಎಲ್ಲ ಸೊಂಟದವರೆಗೆ. ಅಡಿಕೆ ಹೆಕ್ಕುವುದು ಹೇಗೆ? ಹಾವಿನ ಹೆದರಿಕೆ ಬೇರೆ. ಕೆಲಸಕ್ಕೆ ಜನ ಇಲ್ಲ. ತೊಳಿಲುರಪ್ಪಿನವರು (ಉದ್ಯೋಗ ಖಾತ್ರಿಯವರು) ನಮಗೆ ಸಿಗುವುದಿಲ್ಲ. ಸಿಕ್ಕಿದವರ ಸಂಬಳ ಕೊಟ್ಟು ಪೂರೈಸುವುದಿಲ್ಲ. ಒಂದು ಕ್ಯಾನ್ ಮದ್ದು, ಒಬ್ಬ ಜನ, ಕೆಲಸ ಮುಗಿಯಿತು. ಬಡ ರೈತ ಬೇರೆ ಏನು ಮಾಡಬೇಕು?

ರಬ್ಬರ್ ಮಾವ
ಬ್ರಷ್ ಕಟ್ಟರ್ ತೆಗೆದುಕೊಳ್ಳಿ. ನಾನು ರಬ್ಬರಿನಲ್ಲಿ ಅದೇ ಮಾಡುವುದು.

ಮುಳ್ಳೇರಿಯ ಅಡಿಕೆ
ಸಣ್ಣ ಅಡಿಕೆ ಗಿಡದ ಬುಡಕ್ಕೆ ತಾಗಿದರೆ ಗಿಡ ಹೋಯಿತು. ಡ್ರಿಪ್ ಪೈಪ್ ಎಷ್ಟು ಸಲ ಕತ್ತರಿಸಿದೆ ಅಂತ ಲೆಕ್ಕ ಇಲ್ಲ.

ಅಡ್ಯನಡ್ಕದ ಆಚೆಯವ
ನಾನು ಕರ್ನಾಟಕದ ಬದಿ. ನಮ್ಮಲ್ಲಿ ಇದು ಸಿಗುತ್ತದೆ, ಹೌದು. ಆದರೆ ನಾನು ಬಿಟ್ಟೆ. ಕಾರಣ ಆರೋಗ್ಯ ಅಲ್ಲ, ಒಳ್ಳೆಮೆಣಸು. ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯ ಕೆಳಗಿನ ಎಲೆಗಳಿಗೆ ಗಾಳಿಗೆ ಒಂದಿಷ್ಟು ಹಾರಿತು. ಮಾರನೆಯ ದಿನ ಸುಟ್ಟ ಚುಕ್ಕೆ. ಮೇಲಾಗಿ ಇದು ಬೇರಿಗೆ ಇಳಿಯುವುದಿಲ್ಲ. ಮೇಲಿನ ಹಸಿರು ಸುಟ್ಟ ಮೇಲೆ ಬೇರು ಹಾಗೇ ಇರುತ್ತದೆ. ಒಂದು ಮಳೆ ಬಂದರೆ ಮತ್ತೆ ಹುಲ್ಲು ನಗುತ್ತದೆ. ದುಡ್ಡು ದಂಡ.

ಈಗ ಹುಲ್ಲು ಕೊಚ್ಚಿ ಅಲ್ಲೇ ಬಿಡುತ್ತೇನೆ. ಸೋಗೆ ತುಂಡು ಮಾಡಿ ಬುಡಕ್ಕೆ ಹಾಸುತ್ತೇನೆ. ಹುಲ್ಲು ಪೂರ್ತಿ ಹೋಗುವುದಿಲ್ಲ, ಕಡಿಮೆ ಆಗುತ್ತದೆ. ಬೇಸಿಗೆಯಲ್ಲಿ ನೀರೂ ಉಳಿಯುತ್ತದೆ.

ಮುಳ್ಳೇರಿಯ ಅಡಿಕೆ
ಎಷ್ಟು ಎಕರೆ ನಿಮಗೆ?

ಅಡ್ಯನಡ್ಕದ ಆಚೆಯವ
ಎರಡಕ್ಕಿಂತ ಸ್ವಲ್ಪ ಕಡಿಮೆ.

ಮುಳ್ಳೇರಿಯ ಅಡಿಕೆ
ಅದಕ್ಕೇ ಆಗುವುದು!

ಪೆರ್ಲದ ತೋಟದವ
ಡಾಕ್ಟ್ರೇ, ಹೊಟ್ಟೆಗೆ ಹೋಗದೆ, ಬರೀ ಹೊಡೆಯುವವರಿಗೆ ಏನೂ ಆಗುವುದೇ ಇಲ್ಲವಾ? ಆ ಅಣ್ಣ ಲುಂಗಿ ಎತ್ತಿ ಕಟ್ಟಿ, ಬರಿಗಾಲಿನಲ್ಲಿ ಹೊಡೆಯುವವರು. ಬೆನ್ನಿನ ಟ್ಯಾಂಕಿನ ಮುಚ್ಚಳ ಸೋರುತ್ತದೆ. ವಾಷರ್ ಹೋಗಿದೆ, ಅದಕ್ಕೆ ಪ್ಲಾಸ್ಟಿಕ್ ಚೀಲದ ತುಂಡು ಸುತ್ತಿದ್ದಾರೆ. ಅಂಗಿಯ ಬೆನ್ನು ಸೊಂಟದವರೆಗೆ ಒದ್ದೆ. ನಾಝಲ್ ಕಟ್ಟಿದರೆ ಬಿಚ್ಚಿ ಬಾಯಿಯಿಂದ ಊದುತ್ತಾರೆ. ನಾನೇ ಕಣ್ಣಾರೆ ಕಂಡದ್ದು.

ಡ್ಯೂಟಿ ಡಾಕ್ಟರ್
ಬಾಯಿಯಿಂದ ಊದುವುದು ಇವತ್ತೇ ನಿಲ್ಲಿಸಿ. ಅದು ಹೊಟ್ಟೆಗೆ ಹೋಗುವ ದಾರಿ.

ಉಳಿದದ್ದು ಹೀಗೆ. ಚರ್ಮ ಸರಿ ಇದ್ದರೆ ಪ್ಯಾರಾಕ್ವಾಟ್ ಒಳಗೆ ಹೋಗುವುದು ಕಡಿಮೆ. ಗಾಯ, ಕಜ್ಜಿ, ಬಿರುಕು ಇದ್ದರೆ ಜಾಸ್ತಿ. ಇನ್ನೊಂದು, ಒದ್ದೆ ಬಟ್ಟೆ ಗಂಟೆಗಟ್ಟಲೆ ಅಂಟಿಕೊಂಡರೆ ಅದೇ ಚರ್ಮ ಸುಟ್ಟು ಹುಣ್ಣು ಮಾಡುತ್ತದೆ. ಆ ಹುಣ್ಣಿನಿಂದ ಒಳಗೆ ಹೋಗುತ್ತದೆ. ಸೋರುವ ಟ್ಯಾಂಕ್ ಹೊತ್ತು ಬೆನ್ನು, ತೊಡೆ ಸುಟ್ಟುಕೊಂಡು ಸತ್ತವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ಅಪರೂಪ, ಆದರೆ ಇವೆ. ಹನಿ ದೊಡ್ಡದಾದ್ದರಿಂದ ಶ್ವಾಸಕೋಶದ ಆಳಕ್ಕೆ ಹೋಗುವುದು ಕಡಿಮೆ. ಮೂಗಿನಲ್ಲಿ ರಕ್ತ, ಉಗುರು ಬಿಳಿಯಾಗಿ ಕಳಚುವುದು, ಕಣ್ಣುರಿ ಇವು ಸಾಮಾನ್ಯ. ಆ ಅಣ್ಣನ ಉಗುರು ನೋಡಿದ್ದೀರಾ?

ಪೆರ್ಲದ ತೋಟದವ
ಹೆಬ್ಬೆರಳಿನ ಉಗುರು ಅರ್ಧ ಎದ್ದು ನಿಂತಿದೆ. ಕಲ್ಲು ತಾಗಿದ್ದು ಅಂತ ಹೇಳುತ್ತಿದ್ದರು.

ಡ್ಯೂಟಿ ಡಾಕ್ಟರ್
ಕಲ್ಲೂ ಇರಬಹುದು. ಆದರೂ ಪರೀಕ್ಷೆಗೆ ಹೋಗುವಾಗ ಅದನ್ನೂ ತೋರಿಸಲು ಹೇಳಿ. ಕಿಡ್ನಿಯ ಕ್ರಿಯಾಟಿನಿನ್ ಕೂಡ ನೋಡಿಸಿ.

ಗಡಿನಾಡು ಹುಡುಗ
ಮೂತ್ರ ಪರೀಕ್ಷೆಯಲ್ಲಿ ನೀಲಿ ಬರುತ್ತದೆ ಅಂತ ಕೇಳಿದ್ದೇನೆ. ಮದ್ದಿನ ಬಣ್ಣ ಬರುವುದಾ?

ನೀರ್ಚಾಲು ಲ್ಯಾಬ್ ಅಕ್ಕ
ಅಲ್ಲ, ಅದು ಬೇರೆ. ಎಷ್ಟೋ ದೇಶಗಳಲ್ಲಿ ಜನ ತಪ್ಪಿ ಕುಡಿಯಬಾರದು ಅಂತ ಮದ್ದಿಗೆ ನೀಲಿ ಬಣ್ಣ, ಕೆಟ್ಟ ವಾಸನೆ, ವಾಂತಿ ತರಿಸುವ ವಸ್ತು ಸೇರಿಸಿದ್ದಾರೆ. ಬಣ್ಣ ಇಲ್ಲದಿದ್ದರೆ ಅದು ಕಂದು ಬಣ್ಣದ ನೀರು, ಚಹಾ ಅಂತ ಮೋಸ ಹೋಗುವುದು ಸುಲಭ.

ಮೂತ್ರ ಪರೀಕ್ಷೆಯಲ್ಲಿ ಡೈಥಯೋನೈಟ್ ಎಂಬ ಪುಡಿ ಹಾಕುತ್ತಾರೆ. ಅದು ಪ್ಯಾರಾಕ್ವಾಟ್‌ಗೆ ಎಲೆಕ್ಟ್ರಾನ್ ಕೊಡುತ್ತದೆ. ಎಲೆಕ್ಟ್ರಾನ್ ಹಿಡಿದ ಪ್ಯಾರಾಕ್ವಾಟ್ ನೀಲಿ. ಲಿವರ್‌ನಲ್ಲಿ ಹುಟ್ಟುವುದೂ ಅದೇ ನೀಲಿ ರ‍್ಯಾಡಿಕಲ್! ಅಲ್ಲಿ ಆಮ್ಲಜನಕ ಕೂಡಲೇ ಕಸಿದುಕೊಳ್ಳುವುದರಿಂದ ಬಣ್ಣ ನಿಲ್ಲುವುದಿಲ್ಲ ಅಷ್ಟೆ. ಟ್ಯೂಬ್ ಕುಲುಕಿ ಗಾಳಿ ಬೆರೆಸಿದರೆ ಇಲ್ಲಿಯೂ ಮಾಯ ಆಗುತ್ತದೆ. ಈ ನೀಲಿ ಗುಣಕ್ಕಾಗಿ 1930ರ ದಶಕದಲ್ಲೇ ಲ್ಯಾಬ್‌ನವರು ಇದನ್ನು ಮೀಥೈಲ್ ವಯಲೋಜನ್ ಅಂತ ಬಳಸುತ್ತಿದ್ದರು. ಹುಲ್ಲು ಸಾಯುತ್ತದೆ ಅಂತ ಗೊತ್ತಾದದ್ದು 1955ರಲ್ಲಿ. ಮಾರುಕಟ್ಟೆಗೆ ಬಂದದ್ದು 1962ರಲ್ಲಿ.

ಸುಮ್ನೆ ಓದುವವ
ಇದು ಶಾಲೆಯಲ್ಲಿ ಹೇಳಿದ್ದರೆ ನಾನು ಕೆಮಿಸ್ಟ್ರಿಯಲ್ಲಿ ಪಾಸಾಗುತ್ತಿದ್ದೆ.

ಸುರಂಗದ ನೀರು
ನಮ್ಮ ಮನೆಗೆ ಕುಡಿಯಲು ಗುಡ್ಡ ಕೊರೆದು ತೆಗೆದ ಸುರಂಗದ ನೀರು. ಮೇಲಿನ ತೋಟದವರು ಇದನ್ನೇ ಹೊಡೆಯುತ್ತಾರೆ. ಒಳಗೆ ಇಳಿಯುತ್ತದಾ?

ನಿವೃತ್ತ ಮಾಷ್
ಪ್ಯಾರಾಕ್ವಾಟ್ ಮಣ್ಣಿನ ಜೇಡಿಗೆ ಗಟ್ಟಿ ಕಚ್ಚಿಕೊಳ್ಳುತ್ತದೆ, ಕೆಳಗೆ ಇಳಿಯುವುದು ತುಂಬಾ ಕಡಿಮೆ ಎಂದು ಓದಿದ್ದೇನೆ.

ನೀರ್ಚಾಲು ಲ್ಯಾಬ್ ಅಕ್ಕ
ಸರಿ, ಡಾಕ್ಟರು ಹೇಳಿದ ಫುಲ್ಲರ್ಸ್ ಅರ್ತ್ ಚಿಕಿತ್ಸೆಗೂ ಅದೇ ಕಾರಣ. ಆದರೆ ಎಲ್ಲ ಜೇಡಿ ಒಂದೇ ಅಲ್ಲ. ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಕೆಯೊಲಿನೈಟ್ ಜಾಸ್ತಿ. ಕಪ್ಪು ಮಣ್ಣಿನ ಜೇಡಿ ಹಿಡಿಯುವಷ್ಟು ಬಿಗಿಯಾಗಿ ಅದು ಹಿಡಿಯುವುದಿಲ್ಲ. ಅದಕ್ಕಿಂತ ಹೆದರಬೇಕಾದ್ದು ಜೋರು ಮಳೆಗೆ ಮಣ್ಣಿನ ಜೊತೆಯೇ ಕೊಚ್ಚಿಕೊಂಡು ತೋಡಿಗೆ ಬರುವುದು. ಇನ್ನೂ ಹೆಚ್ಚು ಹೆದರಬೇಕಾದ್ದು ಟ್ಯಾಂಕ್ ಮತ್ತು ಕ್ಯಾನನ್ನು ತೋಡಿನಲ್ಲೇ ತೊಳೆಯುವುದು.

ಮುಳ್ಳೇರಿಯ ಅಡಿಕೆ
ಕ್ಯಾನಿನ ಜೊತೆ ಒಂದು ಕಾಗದ ಬರುತ್ತದೆ. ಹತ್ತಾರು ಭಾಷೆ, ಇರುವೆ ಸಾಲಿನಷ್ಟು ಅಕ್ಷರ. ಕನ್ನಡ ಇದೆ, ಓದಲು ಭೂತಗನ್ನಡಿ ಬೇಕು. ಇಲ್ಲಿನ ಕಚೇರಿಯಿಂದ ಬರುವ ನೋಟೀಸು ಮಲಯಾಳದಲ್ಲಿ. ನಮ್ಮ ಕೆಲಸದವರಿಗೆ ಎರಡೂ ಉಪಯೋಗ ಇಲ್ಲ. ಅಂಗಡಿಯವ ಹೇಳಿದ್ದೇ ವೇದ. ಅವನು ಒಂದು ಮುಚ್ಚಳ ಜಾಸ್ತಿಯೇ ಹಾಕಿ ಅನ್ನುತ್ತಾನೆ.

ಕುಂಬಳೆ ಕಡಲು
ಈ ಮಾತಿಗೆ ಮಾತ್ರ ನನ್ನ ಬೆಂಬಲ. ಕಾಸರಗೋಡು, ಮಂಜೇಶ್ವರ ತಾಲೂಕಿನ ಕೃಷಿ ಭವನಗಳಲ್ಲಿ ಕನ್ನಡದಲ್ಲಿ ಒಂದು ದೊಡ್ಡ ಬೋರ್ಡ್ ಹಾಕಿಸಲು ಏನು ಕಷ್ಟ?

ಪೆರ್ಲದ ತೋಟದವ
ಸುದ್ದಿ ಹೇಳುತ್ತೇನೆ. ಆ ಅಣ್ಣನನ್ನು ಕರೆದುಕೊಂಡು ಹೋಗಿದ್ದೆ. ಹೆಪಟೈಟಿಸ್ ಎ, ಬಿ ಎರಡೂ ಇಲ್ಲ. ಇಲಿಜ್ವರ ಇಲ್ಲ. ಕ್ರಿಯಾಟಿನಿನ್ ಸರಿ ಇದೆ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ. ಸಕ್ಕರೆಯೂ ಸ್ವಲ್ಪ ಮೇಲೆ. ಮದ್ದು ಹೊಡೆಯುವುದು ನಿಲ್ಲಿಸಿ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆಗೆ ಬರಲು ಹೇಳಿದ್ದಾರೆ.

ಮುಳ್ಳೇರಿಯ ಅಡಿಕೆ
ನೋಡಿದಿರಾ! ಮದ್ದಿನದ್ದಲ್ಲ. ಚಹಾದ ಸಕ್ಕರೆ.

ನೀರ್ಚಾಲು ಲ್ಯಾಬ್ ಅಕ್ಕ
ಸ್ವಲ್ಪ ನಿಲ್ಲಿ ಅಣ್ಣಾ. ಕೋಶದಲ್ಲಿ ಕೊಬ್ಬು ತುಂಬಿದ ಲಿವರ್‌ನಲ್ಲಿ ಪೆರಾಕ್ಸಿಡೇಶನ್‌ಗೆ ಸರಕು ಜಾಸ್ತಿ. ಮದ್ದಿನದ್ದೇ ಅಂತ ನಾನು ಹೇಳುವುದಿಲ್ಲ. ಅಲ್ಲವೇ ಅಲ್ಲ ಅಂತ ಆ ಸ್ಕ್ಯಾನ್ ಕೂಡ ಹೇಳುವುದಿಲ್ಲ.

ಡ್ಯೂಟಿ ಡಾಕ್ಟರ್
ಫ್ಯಾಟಿ ಲಿವರ್ ಒಂದೇ ಸಾಕು ಅಷ್ಟು ಎಸ್‌ಜಿಪಿಟಿಗೆ. ಆದರೂ ನಿಲ್ಲಿಸಿ ಅಂದದ್ದು ಸರಿಯಾದ ಸಲಹೆ. ಮತ್ತೆ ಹೊಡೆಯಲು ಕಳಿಸಬೇಡಿ.

ಪೆರ್ಲದ ತೋಟದವ
ಕಳಿಸುವುದಿಲ್ಲ. ಆದರೆ ಅವರ ಆ ಸಂಪಾದನೆಯೂ ನಿಂತಿತಲ್ಲ. ಬ್ರಷ್ ಕಟ್ಟರ್ ನಾನು ತೆಗೆಸಿಕೊಡುವುದು, ನಾಲ್ಕು ತೋಟಕ್ಕೆ ಅವರೇ ಓಡಿಸುವುದು ಅಂತ ಮಾತಾಗಿದೆ. ಈಗ ಇನ್ನೊಂದು ಪ್ರಶ್ನೆ. ಅರ್ಧ ಕ್ಯಾನ್ ಉಳಿದಿದೆ. ಏನು ಮಾಡುವುದು?

ಸುಮ್ನೆ ಓದುವವ
ಮುಳ್ಳೇರಿಯದವರಿಗೆ ಕೊಡಿ 😄

ಡ್ಯೂಟಿ ಡಾಕ್ಟರ್
ತಮಾಷೆ ಬೇಡ. ಯಾರಿಗೂ ಕೊಡಬೇಡಿ. ತಂಪು ಪಾನೀಯದ ಬಾಟಲಿಗೆ ಸುರಿದು ಅಟ್ಟಕ್ಕೆ ಇಡುವುದಂತೂ ಬೇಡವೇ ಬೇಡ. ತಪ್ಪಿ ಕುಡಿದ ಕೇಸುಗಳಲ್ಲಿ ಹೆಚ್ಚಿನವು ಹಾಗೆ ಆದದ್ದು. ಬಚ್ಚಲ ಮೂಲೆಯ ಬಾಟಲಿ, ಬಾಯಾರಿದವ, ಒಂದು ಗುಟುಕು.

ಕುಂಬಳೆ ಕಡಲು
ತೋಡಿಗೆ ಸುರಿಯಬೇಡಿ, ಹೂಳಬೇಡಿ, ಸುಡಬೇಡಿ. ಮೂಲ ಕ್ಯಾನಿನಲ್ಲೇ ಮುಚ್ಚಳ ಬಿಗಿ ಮಾಡಿ ಬೀಗ ಹಾಕಿದ ಜಾಗದಲ್ಲಿ ಇಡಿ. ಕೃಷಿ ಭವನದವರಿಗೆ ಬರವಣಿಗೆಯಲ್ಲಿ ತಿಳಿಸಿ, ತೆಗೆದುಕೊಂಡು ಹೋಗಲಿ.

ಪೆರ್ಲದ ತೋಟದವ
ನಿಷೇಧದ ಸಾಮಾನು ನನ್ನಲ್ಲಿ ಇದೆ ಅಂತ ನಾನೇ ಬರೆದು ಕೊಡುವುದಾ?

ಕುಂಬಳೆ ಕಡಲು
ಮತ್ತೆ ಯಾರು ಕೊಡುವುದು? ತಂದವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಅಡ್ಯನಡ್ಕದ ಆಚೆಯವ
ತಂದ ಅಂಗಡಿಗೆ ವಾಪಸ್ ಕೊಟ್ಟು ನೋಡಿ. ಬಿಲ್ ಇದೆಯಾ?

ಪೆರ್ಲದ ತೋಟದವ
ಬಿಲ್ ಎಲ್ಲಿಂದ ಬರಬೇಕು?

ರಬ್ಬರ್ ಮಾವ
ಬ್ರಷ್ ಕಟ್ಟರಿಗೆ ನೈಲಾನ್ ದಾರ ಹಾಕಿಸಿ, ಬ್ಲೇಡ್ ಬೇಡ. ಆಗ ಡ್ರಿಪ್ ಪೈಪಿಗೂ ಅಡಿಕೆ ಗಿಡಕ್ಕೂ ಪೆಟ್ಟು ಕಡಿಮೆ. ಕಣ್ಣಿಗೆ ಕನ್ನಡಕ ಮರೆಯಬೇಡಿ, ಮುರಕಲ್ಲಿನ ಚೂರು ಗುಂಡಿನ ಹಾಗೆ ಹಾರುತ್ತದೆ.